ಹನ್ನೊಂದು ಸ್ಲ್ಯಾಬು, ಒಬ್ಬಳೇ ಸುಂಕಮ್ಮ

ಕೊಟ್ರಬಸಪ್ಪ ಅಂಡ್ ಸನ್ಸ್ ಕಂಪನಿಯಲ್ಲಿ ಸನ್ಸ್ ಯಾರೂ ಇರಲಿಲ್ಲ. ಕೊಟ್ರಬಸಪ್ಪನಿಗೆ ಇದ್ದದ್ದು ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಡಾಕ್ಟರಾಗಿ ತಮ್ಮ ಪಾಡಿಗೆ ತಾವಿದ್ದರು. ಬೋರ್ಡು ಬರೆಯುವವನು ಕೇಳದೆಯೇ ಬರೆದುಬಿಟ್ಟಿದ್ದ, ಅಳಿಸಲು ಯಾರಿಗೂ ಪುರುಸೊತ್ತು ಸಿಕ್ಕಿರಲಿಲ್ಲ. ಬಳ್ಳಾರಿಯ ಮೋತಿ ಸರ್ಕಲ್ ಹತ್ತಿರ, ಮೂರನೇ ಮಹಡಿಯ ಆ ಆಫೀಸಿನಲ್ಲಿ, ಕಿಟಕಿಯಿಂದ ಕೋಟೆ ಗುಡ್ಡ ಕಾಣುವ ಟೇಬಲ್ಲಿಗೆ ಶೈಲಜಾ ಸಂಕ್ರಾಂತಿಯ ಮರುವಾರ ಬಂದು ಕೂತಳು.

ಅವಳಿಗೆ ಮೂವತ್ತೈದು. ಸಿವಿಲ್ ಡಿಪ್ಲೊಮಾ ಮುಗಿಸಿ ಎರಡು ವರ್ಷ ಕೆಲಸ ಮಾಡಿದ್ದಳು. ಆಮೇಲೆ ಮದುವೆ, ಮಕ್ಕಳು, ಹಾಸಿಗೆ ಹಿಡಿದ ಅತ್ತೆಯ ಆರೈಕೆ ಅಂತ ಹನ್ನೆರಡು ವರ್ಷ ಮನೆಯಲ್ಲೇ ಕಳೆದುಹೋದವು. ಕಳೆದ ವರ್ಷವಷ್ಟೇ ಶೆಡ್ಯೂಲಿಂಗ್ ಸಾಫ್ಟ್‌ವೇರ್ ಕಲಿತಿದ್ದಳು, ಅದೂ ಮಗಳು ಅಕ್ಷಿತಾಳ ಟ್ಯೂಷನ್ ಬಿಡುವವರೆಗೂ ಎದುರಿನ ಕಂಪ್ಯೂಟರ್ ಸೆಂಟರಿನಲ್ಲಿ ಕೂತು. ಇಂಟರ್‌ವ್ಯೂನಲ್ಲಿ ಕೊಟ್ರಬಸಪ್ಪ ಅವಳ ಕಾಗದಗಳನ್ನು ಎರಡು ಸಲ ತಿರುವಿ ನೋಡಿದ್ದ.

"ನಡುವ ಹನ್ನೆರಡು ವರ್ಷ ಏನು ಮಾಡಿದಿ ತಂಗಿ?"

"ಮನ್ಯಾಗಿದ್ನಿರಿ ಸಾವ್ಕಾರ್ರ."

ಸಾವ್ಕಾರ 'ಹೂಂ' ಅಂದ. ಬೈದಿದ್ದರೆ ಮರೆಯಬಹುದಿತ್ತು, ಆ 'ಹೂಂ' ಅನ್ನುವುದು ಮಾತ್ರ ಶೈಲಜಾಳ ಎದೆಯಲ್ಲಿ ಚುಚ್ಚಿಕೊಂಡು ಅಲ್ಲೇ ಉಳಿಯಿತು. ಕೆಲಸವನ್ನೇನೋ ಅವನು ಕೊಟ್ಟ, ಆದರೆ ಷರತ್ತಿನ ಮೇಲೆ. ಕಂಪನಿ ಹನ್ನೊಂದು ಅಂಗನವಾಡಿ ಕಟ್ಟಡ ಹಿಡಿದಿತ್ತು. ಸಿರುಗುಪ್ಪದ ಕಡೆ ಐದು, ಕುರುಗೋಡಿನ ಕಡೆ ನಾಲ್ಕು, ಕುಡತಿನಿಯಲ್ಲಿ ಒಂದು, ರೂಪನಗುಡಿಯಲ್ಲಿ ಒಂದು. ಹನ್ನೊಂದರ ಸ್ಲ್ಯಾಬೂ ಯುಗಾದಿಯ ಒಳಗೆ ಬೀಳಬೇಕು, ಅದೂ ಅವಳ ಕಂಪ್ಯೂಟರ್ ಹೇಳಿದ ದಿನವೇ ಬೀಳಬೇಕು. ಬಿದ್ದರೆ ಖಾಯಂ ಆರ್ಡರ್. ಬೀಳದಿದ್ದರೆ ಅವಳು ಮನೆಗೆ, ಅವನು ತನ್ನ ಗೋಡೆಯ ಕ್ಯಾಲೆಂಡರಿಗೆ.

ಆ ಕ್ಯಾಲೆಂಡರನ್ನು ಶೈಲಜಾ ಮೊದಲ ದಿನವೇ ನೋಡಿದ್ದಳು. ಯಾವುದೋ ಎಣ್ಣೆ ಮಿಲ್ಲಿನದು, ಅಲ್ಲಲ್ಲಿ ತಾರೀಖುಗಳಿಗೆ ಕೆಂಪು ಪೆನ್ನಿನ ಸುತ್ತು, ಪಕ್ಕದಲ್ಲಿ ಒಂದಕ್ಷರ ಬರಹವಿಲ್ಲ. ಗ್ಯಾಸ್ ಸಿಲಿಂಡರಿನದೋ ಉಪವಾಸದ್ದೋ ಲೆಕ್ಕ ಇರಬೇಕು ಅಂದುಕೊಂಡಳು. "ಇನ್ನ ಮ್ಯಾಲೆ ಇದು ಬ್ಯಾಡ್ರಿ ಸಾವ್ಕಾರ್ರ" ಅಂತ ತೆಗೆದು ಬಾಗಿಲ ಹಿಂದಿನ ಮೊಳೆಗೆ ಸಿಗಿಸಿದಳು. ಕೊಟ್ರಬಸಪ್ಪ ಏನೋ ಹೇಳಲು ಬಾಯಿ ತೆರೆದವನು ಅವಳ ಹಣೆಯ ವಿಭೂತಿ ನೋಡಿ, "ಆತು ಬಿಡವ್ವ" ಅಂದ.

ಶೈಲಜಾ ಹನ್ನೊಂದು ಕಟ್ಟಡಕ್ಕೆ ಹನ್ನೊಂದು ಫೈಲು ಮಾಡಿ, ಎಲ್ಲವನ್ನೂ ಒಂದು ತಾಯಿ ಫೈಲಿಗೆ ಕಟ್ಟಿದಳು. ಸೆಂಟ್ರಿಂಗ್ ಹಲಗೆ ಒಂದೂರಿನಿಂದ ಬಿಚ್ಚಿ ಇನ್ನೊಂದೂರಿಗೆ ಹೋಗಬೇಕು, ಕಾಂಕ್ರೀಟು ಕಲಸುವ ಮಿಲ್ಲರ್ ಮಷಿನ್ ಇದ್ದದ್ದು ಒಂದೇ, ಸ್ಲ್ಯಾಬ್ ಹಾಕುವ ಎರ್ರಿ ಮೇಸ್ತ್ರಿಯ ಗ್ಯಾಂಗೂ ಒಂದೇ. ಹಾಗಾಗಿ ಒಂದು ಫೈಲಿನಲ್ಲಿ ಒಂದು ದಿನ ಜಾರಿದರೆ ಫೈಲುಗಳನ್ನು ಜೋಡಿಸಿದ ಬಾಣದ ಗುರುತುಗಳ ಮೂಲಕ ಉಳಿದ ಹತ್ತು ಊರುಗಳ ತಾರೀಖೂ ಜಾರುತ್ತಿತ್ತು. ತಪ್ಪಿದರೆ ಎಲ್ಲವೂ ತಪ್ಪುವಂಥ ಕೆಲಸಗಳನ್ನು ಸಾಫ್ಟ್‌ವೇರು ಕೆಂಪು ಗೆರೆಯಲ್ಲಿ ತೋರಿಸುತ್ತಿತ್ತು. ಅದನ್ನು ನೋಡುತ್ತ ಕೂತರೆ ಶೈಲಜಾಳಿಗೆ ಊಟದ ನೆನಪೂ ಆಗುತ್ತಿರಲಿಲ್ಲ. ಇಡೀ ಜಿಲ್ಲೆ ತನ್ನ ಅಂಗೈಯಲ್ಲಿದೆ ಎಂಬ ಜಂಬ ಹದಿನೈದು ದಿನ ಇತ್ತು.

ಆಮೇಲೆ ಸ್ಲ್ಯಾಬುಗಳು ಬೀಳಲು ಶುರುವಾದವು. ಮೊದಲನೆಯದು ನಾಲ್ಕು ದಿನ ತಡ. ಎರಡನೆಯದು, ಕುರುಗೋಡಿನದು, ಮೂರು ದಿನ ಮುಂಚೆ. ಕಬ್ಬಿಣ ಕಟ್ಟುವ ಕೆಲಸ ಇನ್ನೂ ಮುಗಿದಿಲ್ಲ ಅಂತ ನಂಬಿದ್ದ ಸಾಫ್ಟ್‌ವೇರು ಆ ಸ್ಲ್ಯಾಬನ್ನು ಒಪ್ಪಲೇ ಇಲ್ಲ, ಮೂರು ಸಲ ಬರೆದರೂ ಮೂರು ಸಲ ತಪ್ಪು ಅಂದಿತು. ಮೂರನೆಯದು ಐದು ದಿನ ತಡ. ಸೈಟುಗಳನ್ನೆಲ್ಲ ಬೈಕಿನ ಮೇಲೆ ಸುತ್ತುತ್ತಿದ್ದ ಸೂಪರ್‌ವೈಸರ್ ಹುಲುಗೇಶ ವಾಟ್ಸಾಪಿನಲ್ಲಿ ವರದಿ ಕಳಿಸುತ್ತಿದ್ದ, ಕಾರಣದ ಕಾಲಂನಲ್ಲಿ ಪ್ರತಿ ಸಲವೂ ಎರಡೇ ಪದ: ತಾಂತ್ರಿಕ ಕಾರಣ.

"ಏನು ತಾಂತ್ರಿಕ ಕಾರಣಪ?" ಅಂತ ಫೋನಿನಲ್ಲಿ ಕೇಳಿದರೆ, "ತಾಂತ್ರಿಕ ಅಂದ್ರ ತಾಂತ್ರಿಕ್ರಿ ಅಕ್ಕಾರ. ನಾಳೆ ಇಲ್ಲಾ ನಾಡದು ಆಗತೈತ್ರಿ" ಅಂತ ಇಟ್ಟುಬಿಡುತ್ತಿದ್ದ.

ನಾಲ್ಕನೆಯ ಸ್ಲ್ಯಾಬು ಹಚ್ಚೊಳ್ಳಿಯದು. ಅದೂ ಮೂರು ದಿನದಿಂದ ನಿಂತಿತ್ತು. ತಾಯಿ ಫೈಲು ತೆರೆದರೆ ಕೊನೆಯ ಸ್ಲ್ಯಾಬು ಯುಗಾದಿ ದಾಟಿ, ಬೇಸಿಗೆ ದಾಟಿ, ಕಾರ ಹುಣ್ಣಿಮೆಯ ಹತ್ತಿರ ಹೋಗಿ ಕೂತಿತ್ತು. ಬರುವ ಸೋಮವಾರ ಇಲಾಖೆಯ ಎಂಜಿನಿಯರ್ ಮೀನಾ ಮೇಡಂ ಪರಿಶೀಲನೆಗೆ ಬರುವವರಿದ್ದರು, ಕಾರಣ ವಿವರವಾಗಿ ಬೇಕು ಅಂತ ಬರೆದೂ ಕಳಿಸಿದ್ದರು. ಶೈಲಜಾಳಿಗೆ ಭಯವಾಯಿತು. ಮನೆಗೆ ವಾಪಸ್ ಹೋಗುವ ಭಯಕ್ಕಿಂತ ಆ 'ಹೂಂ' ಇನ್ನೊಂದು ಸಲ ಕೇಳಬೇಕಾದೀತು ಎಂಬ ಭಯ ದೊಡ್ಡದಿತ್ತು. ಲ್ಯಾಪ್‌ಟಾಪು ಬಗಲಿಗೆ ಹಾಕಿಕೊಂಡು ಸಿರುಗುಪ್ಪದ ಬಸ್ಸು ಹತ್ತಿದಳು.

ಸಿರುಗುಪ್ಪದಿಂದ ಹುಲುಗೇಶನ ಬೈಕು. ಹಚ್ಚೊಳ್ಳಿಗೆ ಹೋಗಿ ನೋಡಿದರೆ ಸೆಂಟ್ರಿಂಗ್ ಬಡಿದಿದೆ, ಕಬ್ಬಿಣ ಕಟ್ಟಿದೆ, ಮರಳು, ಜಲ್ಲಿ, ಸಿಮೆಂಟು ಎಲ್ಲ ಇದೆ. ಮಿಲ್ಲರ್ ಮಷಿನ್ನು ಡೀಸೆಲ್ ಕುಡಿದು ನಿಂತಿದೆ. ಎರ್ರಿಯ ಗ್ಯಾಂಗಿನ ಇಪ್ಪತ್ತೆರಡು ಮಂದಿ ಬೇವಿನ ಮರದ ಕೆಳಗೆ ಕೂತು ಮೊಬೈಲಿನಲ್ಲಿ ಲೂಡೋ ಆಡುತ್ತಿದ್ದಾರೆ. ತಾಂತ್ರಿಕ ಕಾರಣ ಎಂಬುದು ಅಲ್ಲಿ ಎಲ್ಲಿ ಹುಡುಕಿದರೂ ಇರಲಿಲ್ಲ.

"ಎರ್ರಿ, ಯಾಕ ಹಾಕವಲ್ರಿ ಸ್ಲ್ಯಾಬು?"

ಎರ್ರಿ ಎದ್ದು ನಿಂತು ಟವೆಲ್ಲು ಕೊಡವಿದ. ಅವಳ ಹಣೆ ನೋಡಿದ, ಹುಲುಗೇಶನ ಮುಖ ನೋಡಿದ, ನೆಲ ನೋಡಿದ. "ಹುಲುಗೇಶಣ್ಣ ಹೇಳತಾನ್ರಿ."

ಹುಲುಗೇಶ ಬೈಕಿನ ಕನ್ನಡಿ ಒರೆಸತೊಡಗಿದ. "ಅದು ಬರವಣಿಗಿಯೊಳಗ ಬರೂದಲ್ರಿ ಅಕ್ಕಾರ."

"ನನ್ನ ಕೆಲಸ ಹೋಗೂ ವ್ಯಾಳ್ಯಾ ಬಂದೈತಿ ಹುಲುಗೇಶ. ಹೇಳಿಬಿಡು."

ಹುಲುಗೇಶನ ಕೈ ನಿಂತಿತು. ಒಳ್ಳೆಯ ಹುಡುಗ, ಒಬ್ಬರ ಕೆಲಸ ಹೋಗುತ್ತದೆ ಅಂದರೆ ಅವನಿಂದ ತಡೆಯಲಾಗಲಿಲ್ಲ. "ಸುಂಕಮ್ಮ ಬಂದಿಲ್ರಿ" ಅಂದ.

ಆಮೇಲೆ ಅವನು ಹೇಳಿದ್ದು ಇಷ್ಟು. ಸ್ಲ್ಯಾಬ್ ದಿನ ಗ್ಯಾಂಗಿಗೆ ಊಟ ಹಾಕುವುದು ಈ ಕಡೆಯ ಪದ್ಧತಿ. ಅದು ಮಟನ್ ಊಟ. ಮೂರು ವರ್ಷದ ಹಿಂದೆ ಎಲ್ಲಿಂದಲೋ ಪಾರ್ಸಲ್ ತರಿಸಿದಾಗ ಅರ್ಧ ಸ್ಲ್ಯಾಬಿನಲ್ಲಿ ಅರ್ಧ ಗ್ಯಾಂಗು ಹೊಟ್ಟೆ ಹಿಡಿದುಕೊಂಡು ಹೊಲದ ಕಡೆ ಓಡಿತು. ಸ್ಲ್ಯಾಬು ನಡುವೆ ನಿಂತರೆ ಅಲ್ಲಿ ಜೋಡು ಬೀಳುತ್ತದೆ, ಜೋಡು ಬಿದ್ದಲ್ಲಿ ಸೋರುತ್ತದೆ, ಅದು ಇವತ್ತಿಗೂ ಸೋರುತ್ತಿದೆ. ಅವತ್ತಿನಿಂದ ಗ್ಯಾಂಗಿನ ಕಟ್ಟುಪಾಡು ಒಂದೇ: ಸಿರುಗುಪ್ಪದ ಸುಂಕಮ್ಮ ಒಲೆ ಹಚ್ಚಿ 'ಹೂಂ' ಅಂದರೆ ಮಾತ್ರ ಮಿಲ್ಲರ್ ತಿರುಗುತ್ತದೆ. ಸುಂಕಮ್ಮನಿಗೆ ಬಿಡುವಿಲ್ಲದ ದಿನ ಸ್ಲ್ಯಾಬಿಲ್ಲ. ಬಿಡುವಿದ್ದರೆ ರಾತ್ರಿಯೆಲ್ಲ ಕಬ್ಬಿಣ ಕಟ್ಟಿ ಮೂರು ದಿನ ಮುಂಚೆಯೂ ಹಾಕುತ್ತಾರೆ, ಕುರುಗೋಡಿನಲ್ಲಿ ಹಾಕಿದ ಹಾಗೆ.

"ಇದನ್ನ ಮೊದಲ ಹೇಳಾಕ ಏನಾಗಿತ್ತೋ?"

"ನಿಮ್ಮ ಹಣಿ ಮ್ಯಾಲ ಇಭೂತಿ ಐತ್ರಿ ಅಕ್ಕಾರ. ನಿಮ್ಮ ಮುಂದ ಮಟನ್ ಅಂತ ಹೆಂಗ್ ಅನ್ಲಿ. ಸಾವ್ಕಾರ್ರ ಮುಂದಂತೂ ಆ ಶಬ್ದಾನ ತೆಗಿಯಂಗಿಲ್ಲ. ಅದಕ್ಕ ತಾಂತ್ರಿಕ ಅಂತ ಬರದೆ."

ಶೈಲಜಾಳಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ, ಜಲ್ಲಿಯ ಗುಡ್ಡೆಯ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಇಲಾಖೆಗೆ ಮೂರು ವಾರ ಅವಳು ಸಹಿ ಮಾಡಿ ಕಳಿಸಿದ ತಾಂತ್ರಿಕ ಕಾರಣ ಅರಿಶಿನ ಉಪ್ಪು ಹಚ್ಚಿಸಿಕೊಂಡು ಹಂಡೆಯಲ್ಲಿ ಬೇಯುತ್ತಿತ್ತಲ್ಲ. ಅವಳು ನಗುವುದನ್ನು ನೋಡಿ ಎರ್ರಿ ನಕ್ಕ, ಇಪ್ಪತ್ತೆರಡು ಮಂದಿಯೂ ಲೂಡೋ ಬಿಟ್ಟು ನಕ್ಕರು.

"ನಡಿ, ಸುಂಕಮ್ಮನ ಮನಿ ತೋರಸು" ಅಂದಳು ಹುಲುಗೇಶನಿಗೆ.

ಸುಂಕಮ್ಮನಿಗೆ ಅರವತ್ತರ ಮೇಲೆ ವಯಸ್ಸು. ಸಿರುಗುಪ್ಪದ ಅವಳ ಮನೆಯ ಕಟ್ಟೆಯ ಮೇಲೆ ಎರಡು ಹಂಡೆ ಬೋರಲಾಗಿದ್ದವು, ಅವಳು ಇನ್ನೊಂದೂರಿನ ಅಡುಗೆಗೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಶೈಲಜಾ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಲ್ಯಾಪ್‌ಟಾಪು ತೆರೆದಳು. ಯಾವ ಯಾವ ದಿನ ಬಿಡುವಿಲ್ಲ ಅಂತ ಕೇಳಿದಳು. ಸುಂಕಮ್ಮನಿಗೆ ಕ್ಯಾಲೆಂಡರು ಬೇಕಾಗಲಿಲ್ಲ.

"ಬರಕೊ ಯವ್ವ. ಸೋಮಾರ ಇಲ್ಲ. ಅಮಾಸಿ ದಿನ ದೊಡ್ಡ ಒಲಿ ಹಚ್ಚಂಗಿಲ್ಲ. ಈ ಶುಕ್ರಾರ ತೆಕ್ಕಲಕೋಟಿಗೆ ಮಾತು ಕೊಟ್ಟೀನಿ. ಬರೋ ಬುಧವಾರ ನಮ್ಮಕ್ಕನ ಮೊಮ್ಮಗಂದು ಜವಳ. ಅದರ ಆಚಿ ಆಯ್ತಾರ ನನಗ ಕಾಲು ನೋಯ್ತಾವು."

"ಕಾಲುನೋವು ಈಗ್ಲೇ ಹೆಂಗ ಗೊತ್ತಾತು?"

"ಜವಳಕ್ಕ ಇನ್ನೂರು ಮಂದಿ ಬರ್ತಾರ. ನೋಯದ ಬಿಡ್ತಾವೇನು?"

ಶೈಲಜಾ ಕಾಲುನೋವನ್ನೂ ಬರೆದುಕೊಂಡಳು. ಹನ್ನೊಂದು ಫೈಲಿನಲ್ಲೂ ಸ್ಲ್ಯಾಬಿನ ಕೆಲಸಕ್ಕೆ 'ಸುಂಕಮ್ಮ' ಅಂತ ಹೊಸ ಹೆಸರು ಸೇರಿಸಿ, ಸುಂಕಮ್ಮನ ಹಿಂದಿನ ಮುಂದಿನ ರಜೆಗಳನ್ನೆಲ್ಲ ಕೇಳಿ ತುಂಬಿ, ಗುಂಡಿ ಒತ್ತಿದಳು. ಪರದೆಯ ಮೇಲೆ ಪಟ್ಟಿಗಳು ಆ ಕಡೆ ಈ ಕಡೆ ಜಿಗಿದು ನಿಂತವು. ಈಗಾಗಲೇ ಬಿದ್ದಿದ್ದ ಮೂರು ಸ್ಲ್ಯಾಬುಗಳ ತಾರೀಖನ್ನು ಸಾಫ್ಟ್‌ವೇರು ಈಗ ತಾನಾಗಿಯೇ ಹೇಳಿತು, ಒಂದು ದಿನವೂ ಹೆಚ್ಚು ಕಡಿಮೆ ಇಲ್ಲ. ಶೈಲಜಾಳಿಗೆ ಆದ ಸಂತೋಷ ಎಷ್ಟೆಂದರೆ, ಸುಂಕಮ್ಮನ ಬೆಳ್ಳುಳ್ಳಿ ಕೈಯನ್ನೇ ಹಿಡಿದು ಅಲುಗಿಸಿಬಿಟ್ಟಳು.

"ಇದರಾಗ ನಂದು ಹೆಸರೈತೇನು?" ಸುಂಕಮ್ಮ ಕಣ್ಣು ಕಿರಿದು ಮಾಡಿ ನೋಡಿದಳು.

"ಹನ್ನೊಂದು ಕಡಿ ಐತಿ."

"ಸಾವ್ಕಾರಂದು?"

"ಒಂದು ಕಡಿನೂ ಇಲ್ಲ."

ಸುಂಕಮ್ಮನಿಗೆ ಅದು ಬಹಳ ಹಿಡಿಸಿತು. ಆದರೆ ಕೊನೆಯ ಸ್ಲ್ಯಾಬು ಯುಗಾದಿ ಕಳೆದು ಮೂರನೇ ದಿನಕ್ಕೆ ಬಿದ್ದಿತ್ತು. ಶೈಲಜಾ ಊರುಗಳ ಸಾಲನ್ನು ಓದಿ ಹೇಳಿದಾಗ ಸುಂಕಮ್ಮ ತಲೆ ಕೊಡವಿದಳು. "ಇವತ್ತು ಸಿರುಗುಪ್ಪ ಕಡಿ, ನಾಳೆ ರೂಪನಗುಡಿ, ಮತ್ತ ಹಿಂದಕ ಕುರುಗೋಡು. ಯಾರು ಬರದಾರ ಇದನ್ನ? ನನ್ನ ಹಂಡೇವು ಹೇರಿ ಇಳಿಸೂದ್ರಾಗ ದಿನಾ ಹೋಗ್ತಾವು. ಮೊದಲ ಈ ಕಡೀವು ಮುಗಿಸು. ಆಮ್ಯಾಗ ಕುರುಗೋಡು, ಅಲ್ಲಿಂದ ಕುಡತಿನಿ, ಕಡೀಕ ರೂಪನಗುಡಿ. ಒಂದ ದಾರಿ."

ಶೈಲಜಾ ಹಾಗೇ ಬರೆದಳು. ಕೊನೆಯ ಸ್ಲ್ಯಾಬು ಹಿಂದೆ ಸರಿದು ಒಂದು ಮಂಗಳವಾರಕ್ಕೆ ಬಂದು ನಿಂತಿತು. ಬುಧವಾರ ಅಮಾವಾಸ್ಯೆ, ಗುರುವಾರ ಯುಗಾದಿ. ಒಂದೇ ಒಂದು ದಿನದ ಸಡಿಲು ಕೂಡ ಇರಲಿಲ್ಲ.

ಸೋಮವಾರ ಪರಿಶೀಲನೆ. ಆಫೀಸಿನ ಗೋಡೆಯ ಮೇಲೆ ಪ್ರೊಜೆಕ್ಟರಿನ ಚಿತ್ರ ಬಿತ್ತು. ಹನ್ನೊಂದು ಕಟ್ಟಡ, ನೂರಾರು ಪಟ್ಟಿ, ಎಲ್ಲವುಗಳ ಕೆಂಪು ಗೆರೆಯೂ ಹೋಗಿ ಸೇರುತ್ತಿದ್ದುದು ಒಂದೇ ಹೆಸರಿಗೆ. ಮೀನಾ ಮೇಡಂ ಕನ್ನಡಕ ಸರಿಮಾಡಿಕೊಂಡರು.

"ಈ ಸುಂಕಮ್ಮ ಯಾರು? ನಿಮ್ಮ ಸ್ಟ್ರಕ್ಚರಲ್ ಎಂಜಿನಿಯರಾ?"

ಬೇರೆ ಹೆಸರು ಕೊಡಬಹುದಿತ್ತು. ರಾತ್ರಿಯೆಲ್ಲ ಯೋಚಿಸಿದ್ದಳು ಕೂಡ. ಆದರೆ ಮೂರು ವಾರ ಸುಳ್ಳು ಬರೆದು ಸಾಕಾಗಿತ್ತು. ಶೈಲಜಾ ಎದ್ದು ನಿಂತು, ಸಾವ್ಕಾರನ ಕಡೆ ನೋಡದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮಟನ್ ಎಂಬ ಶಬ್ದವನ್ನೂ ಹೇಳಿದಳು.

ಕೊಟ್ರಬಸಪ್ಪ ಮೆಲ್ಲಗೆ ಎದ್ದ. ಬಾಗಿಲ ಹಿಂದೆ ಹೋಗಿ ಎಣ್ಣೆ ಮಿಲ್ಲಿನ ಕ್ಯಾಲೆಂಡರು ತಂದು ಟೇಬಲ್ಲಿನ ಮೇಲೆ ಹರಡಿದ. ಬಾಗಿಲ ಹಿಂದೆ ಇದ್ದಾಗಲೂ ಅದರಲ್ಲಿ ಹೊಸ ಕೆಂಪು ಸುತ್ತುಗಳು ಸೇರಿದ್ದವು, ಈಗಾಗಲೇ ಬಿದ್ದ ಮೂರು ಸ್ಲ್ಯಾಬುಗಳ ತಾರೀಖಿಗೆ ಅವು ಒಂದೊಂದೂ ಸರಿಯಾಗಿ ಕೂತವು.

"ನಿಮಗ ಗೊತ್ತಿತ್ತೇನ್ರಿ ಸಾವ್ಕಾರ್ರ?"

"ಎರ್ರಿ ಬಂದು ಹೇಳಿ ಹೋಗ್ತಾನ, ಇಂಥಾ ದಿನ ಆಗತೈತಿ ಅಂತ. ಯಾಕ ಅಂತ ಅವ ಹೇಳಂಗಿಲ್ಲ, ನಾ ಕೇಳಂಗಿಲ್ಲ. ಮೂರು ವರ್ಷಾತು." ಅವನು ತನ್ನ ವಿಭೂತಿಯನ್ನು ಸುಮ್ಮನೆ ಮುಟ್ಟಿ ನೋಡಿಕೊಂಡ. "ಹೆಣ್ಣುಮಗಳು ನೀನು, ನಿನ್ನ ಮುಂದ ನಾ ಹೆಂಗ ಬಾಯಿ ಬಿಡಲಿ? ಕಂಪ್ಯೂಟರಿಗೇ ತಿಳೀತೈತೇನೋ ನೋಡೂಣಂತ ಸುಮ್ಮನಿದ್ದೆ. ಬಿದ್ದ ಮೂರು ಬಿಡು, ಉಳಿದ ಎಂಟು ಹೇಳಿದ ದಿನ ಬಿದ್ರ ಸಾಕು."

"ನಮ್ಮ ಫಾರಂನಾಗ ಇದಕ್ಕ ಕಾಲಂ ಇಲ್ಲ" ಅಂದರು ಮೀನಾ ಮೇಡಂ, ನಗು ಬಿಗಿ ಹಿಡಿದು. "ಆದರೂ ಕಾರಣ ಖರೇ ಐತಿ. ತಾರೀಖಿನಂತೆ ಮಾಡಿ ತೋರಿಸ್ರಿ."

ಆಮೇಲಿನ ಐದು ವಾರ ಶೈಲಜಾ ನೆಲದ ಮೇಲೆ ನಡೆದದ್ದು ಅವಳಿಗೇ ನೆನಪಿಲ್ಲ. ಹಚ್ಚೊಳ್ಳಿ ಹೇಳಿದ ದಿನ ಬಿತ್ತು. ಸಿರುಗುಪ್ಪದ ಕಡೆಯವು ಮುಗಿದವು, ಕುರುಗೋಡಿನವು ಮುಗಿದವು, ಕುಡತಿನಿಯಲ್ಲಿ ಹತ್ತನೆಯದು ಬಿತ್ತು. ಕಾಲುನೋವು ಕೂಡ ಹೇಳಿದ ಆದಿತ್ಯವಾರವೇ ಬಂತು. ಸಾವ್ಕಾರ ಎದುರು ಸಿಕ್ಕಾಗಲೆಲ್ಲ "ಇನ್ನೆಷ್ಟು ತಂಗಿ?" ಅಂತಿದ್ದ.

ಕೊನೆಯ ಮಂಗಳವಾರ, ಬೆಳಗಿನ ಏಳು ಗಂಟೆ, ರೂಪನಗುಡಿ. ಶೈಲಜಾ ಎಲ್ಲರಿಗಿಂತ ಮೊದಲೇ ಬಂದಿದ್ದಳು. ಗ್ಯಾಂಗು ಬಂತು, ಮಿಲ್ಲರ್ ಬಂತು, ಹಂಡೆಗಳ ಜೊತೆ ಟೆಂಪೋದಲ್ಲಿ ಸುಂಕಮ್ಮ ಬಂದಳು. ಆದರೆ ಒಬ್ಬಳೇ ಬಂದಳು. ರೊಟ್ಟಿ ಬಡಿಯುವ ಸೊಸೆ ನಾಗಲಕ್ಷ್ಮಿಗೆ ಜ್ವರ.

"ನೂರು ರೊಟ್ಟಿ ಯಾರು ಬಡೀತಾರ?" ಸುಂಕಮ್ಮ ಒಲೆ ಹಚ್ಚದೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು. "ನನ್ನ ರಟ್ಟಿ ಹಂಡೇವಿಗಷ್ಟ ಸಾಕು. ರೊಟ್ಟಿ ಇಲ್ದ ನಾ ಹೂಂ ಅನ್ನಂಗಿಲ್ಲ. ಅರ್ಧ ಹೊಟ್ಟಿಲೆ ಸ್ಲ್ಯಾಬು ಹಾಕಿಸಿದ ಪಾಪ ನನಗ ಬ್ಯಾಡ."

ಎರ್ರಿ ಮರದ ನೆರಳು ಹುಡುಕತೊಡಗಿದ. ಒಬ್ಬಿಬ್ಬರು ಮೊಬೈಲು ತೆಗೆದರು. ಇವತ್ತು ತಪ್ಪಿದರೆ ನಾಳೆ ಅಮಾವಾಸ್ಯೆ, ನಾಡಿದ್ದು ಹಬ್ಬ. ಹತ್ತು ಸ್ಲ್ಯಾಬು ಬಿದ್ದಿದ್ದರೂ ಹನ್ನೊಂದನೆಯದು ಬೀಳಲಿಲ್ಲವೆಂದರೆ ಖಾಯಂ ಆರ್ಡರ್ ಇಲ್ಲ. ತಾಯಿ ಫೈಲಿನಲ್ಲಿ ಎಲ್ಲವನ್ನೂ ಬರೆದಿದ್ದಳು, ರೊಟ್ಟಿಯನ್ನು ಮಾತ್ರ ಬರೆದಿರಲಿಲ್ಲ. ಲ್ಯಾಪ್‌ಟಾಪಿನ ಪರದೆಯನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಅದನ್ನು ಮುಚ್ಚಿ ಸಿಮೆಂಟಿನ ಚೀಲದ ಮೇಲಿಟ್ಟು, ಬಳೆಗಳನ್ನು ಮೇಲಕ್ಕೆ ಸರಿಸಿದಳು.

"ಹಿಟ್ಟು ಎಲ್ಲೈತಿ?"

"ನೀ ಕಂಪ್ಯೂಟರ್ ಬಡಿಯಾಕಿ ಅಲ್ಲೇನ ಯವ್ವ?"

"ಹಿಟ್ಟು ಕೊಡು ಮೊದಲ. ನನಗ ಬ್ಯಾರೆ ಒಲಿ ಹೂಡಿಸು."

ಮೂರು ಕಲ್ಲಿನ ಒಲೆ ಹೂಡಿದರು. ಶೈಲಜಾ ಕುದಿನೀರು ಹಾಕಿ ಜೋಳದ ಹಿಟ್ಟು ನಾದಿದಳು, ಮುದ್ದೆ ಮುರಿದಳು, ಬಡಿದಳು. ಅಂಗೈ ಸುತ್ತ ತಿರುಗುತ್ತ ತಿರುಗುತ್ತ ರೊಟ್ಟಿ ಅಗಲವಾಯಿತು, ಅಂಚು ಎಲ್ಲೂ ಸೀಳಲಿಲ್ಲ. ಎತ್ತಿ ಹೆಂಚಿಗೆ ಹಾಕಿ ನೀರು ಸವರಿ ತಿರುವಿದಳು, ಅದು ಪೂರ್ತಿ ಉಬ್ಬಿತು. ಸುಂಕಮ್ಮ ರೊಟ್ಟಿಯನ್ನು ಬಿಸಿಯಾಗಿಯೇ ಎತ್ತಿ ಬೆಳಕಿಗೆ ಹಿಡಿದು, ಹಿಂದೆ ಮುಂದೆ ನೋಡಿ, ತುದಿ ಮುರಿದು ಬಾಯಿಗೆ ಹಾಕಿಕೊಂಡಳು. ಅಗಿದು ಮುಗಿಸುವ ತನಕ ಎಲ್ಲರೂ ಅವಳ ಬಾಯನ್ನೇ ನೋಡಿದರು.

"ಎರ್ರೀ" ಅಂತ ಕೂಗಿದಳು ಸುಂಕಮ್ಮ. "ಮಿಲ್ಲರ್ ಹಚ್ಚಲೇ."

ಮಿಲ್ಲರ್ ಗುಡುಗಿತು. ಬುಟ್ಟಿಗಳು ಕೈಯಿಂದ ಕೈಗೆ ಏಣಿ ಹತ್ತಿದವು. ಈ ಕಡೆ ಶೈಲಜಾ ಬಡಿಯುತ್ತಲೇ ಇದ್ದಳು. ಅತ್ತೆ, ಮಾವ, ಗಂಡ, ಮಕ್ಕಳು, ಬಂದು ಹೋಗುವವರು ಅಂತ ಹನ್ನೆರಡು ವರ್ಷ ದಿನವೂ ಎರಡು ಹೊತ್ತು ಬಡಿದ ಕೈ ಅದು, ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಡುನಡುವೆ ಹುಲುಗೇಶ ಓಡಿ ಬಂದು "ಅಕ್ಕಾರ, ಮೂವತ್ತು ಪರ್ಸೆಂಟ್", "ಅಕ್ಕಾರ, ಅರ್ಧ ಆತ್ರಿ" ಅನ್ನುತ್ತಿದ್ದ, ಅವಳು "ನಂದೂ ಅರ್ಧ ಆತು" ಅನ್ನುತ್ತಿದ್ದಳು. ಹೊಗೆಗೆ ಕಣ್ಣು ಉರಿಯುತ್ತಿತ್ತು, ತೋಳು ಸೋತಿತ್ತು, ಅವಳಿಗೆ ಮಾತ್ರ ಹಾಡಿಕೊಳ್ಳಬೇಕು ಅನ್ನಿಸುವಷ್ಟು ಖುಷಿಯಾಗಿತ್ತು.

ಮೂರು ಗಂಟೆಗೆ ಕೊನೆಯ ಬುಟ್ಟಿ ಮೇಲೆ ಹೋಯಿತು. ಅದೇ ಹೊತ್ತಿಗೆ ಕೊಟ್ರಬಸಪ್ಪ ತೆಂಗಿನಕಾಯಿ ಹಿಡಿದು ಕಾರಿನಿಂದ ಇಳಿದ. ಹಂಡೆಗಳ ಕಡೆ ನೋಡದಂತೆ ಮುಖ ತಿರುಗಿಸಿಕೊಂಡು ಬರುತ್ತಿದ್ದವನು ಈ ಕಡೆಯ ಒಲೆ ನೋಡಿ ನಿಂತುಬಿಟ್ಟ. ತನ್ನ ಶೆಡ್ಯೂಲರ್ ಮೊಣಕೈ ತನಕ ಹಿಟ್ಟು ಮಾಡಿಕೊಂಡು ಕೂತಿದ್ದಳು, ಪಕ್ಕದಲ್ಲಿ ಬುಟ್ಟಿ ತುಂಬ ರೊಟ್ಟಿ.

ಹುಲುಗೇಶ ನಡೆದದ್ದನ್ನು ಹೇಳಿದ. ಸಾವ್ಕಾರ ಕೇಳಿಸಿಕೊಂಡು ಅಲ್ಲೇ ಇಟ್ಟಿಗೆಯ ಮೇಲೆ ಕೂತ. ಶೈಲಜಾ ಅವನಿಗೊಂದು ಬಿಸಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಅವನು ಅರ್ಧ ತಿಂದು ನಿಲ್ಲಿಸಿದ.

"ಅವತ್ತು ನಿನಗೊಂದು ಮಾತು ಕೇಳಿದ್ದೆ ತಂಗಿ. ಹನ್ನೆರಡು ವರ್ಷ ಏನು ಮಾಡಿದಿ ಅಂತ."

"ಹೌದ್ರಿ."

"ಕೇಳಬಾರದಿತ್ತು." ಜೇಬಿನಿಂದ ಮಡಿಸಿದ ಕವರು ತೆಗೆದ. ಅವಳ ಎರಡೂ ಕೈ ಹಿಟ್ಟಾಗಿದ್ದನ್ನು ನೋಡಿ ಎಲ್ಲಿಡಬೇಕೆಂದು ತಿಳಿಯದೆ, ಕೊನೆಗೆ ಲ್ಯಾಪ್‌ಟಾಪಿನ ಕೆಳಗೆ ಸಿಗಿಸಿದ. ಖಾಯಂ ಆರ್ಡರ್. ನಾಲ್ಕು ದಿನದ ಹಿಂದೆಯೇ ಸಹಿ ಮಾಡಿದ್ದ, ಕೊಡಲು ಸ್ಲ್ಯಾಬಿಗೆ ಕಾದಿದ್ದ. ಶೈಲಜಾಳಿಗೆ ಅಳು ಬಂತು. ಹೊಗೆ ಅಂದಳು.

ನಡುವೆ ಸರದಿಯ ಮೇಲೆ ಉಂಡು ಬಂದಿದ್ದ ಗ್ಯಾಂಗು ಈಗ ಒಟ್ಟಿಗೆ ಊಟಕ್ಕೆ ಕೂತಿತು. ಶೈಲಜಾ ಕೈ ತೊಳೆದು ತಾಯಿ ಫೈಲು ತೆರೆದಳು. ರೂಪನಗುಡಿ ಸ್ಲ್ಯಾಬು, ನೂರು ಪರ್ಸೆಂಟ್, ಹೇಳಿದ ದಿನವೇ. ಕಾರಣದ ಕಾಲಂ ಖಾಲಿ ಬಿಟ್ಟಳು. ಆಮೇಲೆ ಸುಂಕಮ್ಮನ ಹೆಸರಿನ ಕೆಳಗೆ ಇನ್ನೊಂದು ಸಾಲು ಸೇರಿಸಿದಳು. ಹೆಸರು: ಶೈಲಜಾ. ಕೆಲಸ: ರೊಟ್ಟಿ. ಅನುಭವ: ಹನ್ನೆರಡು ವರ್ಷ. ಎಣಿಕೆ: ನೂರಾ ಹತ್ತು.

ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ ಸುಂಕಮ್ಮ ಅದನ್ನು ಹುಲುಗೇಶನ ಕೈಲಿ ಓದಿಸಿದಳು.

"ನೂರಾ ಹನ್ನೊಂದು ಬರಿ" ಅಂದಳು. "ಮೊದಲನೇದು ನಾ ತಿಂದೀನಿ."